ಏಳು ಮನೆಗೆ ಒಬ್ಬಾಕಿ

ವನದುರ್ಗದ ಆಚೆ ಡಾಂಬರು ಮುಗಿದು ಕಾಲುದಾರಿ ಗುಡ್ಡಕ್ಕೆ ತಿರುಗುತ್ತದಲ್ಲ, ಅಲ್ಲಿಂದ ಒಂದು ತಾಸು ಹತ್ತಿದರೆ ಕವಳಿದೊಡ್ಡಿ. ದೊಡ್ಡಿ ಎಂದ ಕೂಡಲೇ ದನಕರು, ಜನ, ನಾಯಿ, ನೀರಿನ ಜಗಳ ಎಂದೆಲ್ಲ ಅಂದುಕೊಂಡು ಹೋದೀರಿ! ಏಳು ಮನೆಗಳಲ್ಲಿ ಆರರ ಮಾಳಿಗೆ ಕುಸಿದು ಕೂತಿದೆ. ಏಳನೆಯದರಲ್ಲಿ ದೇವಿಂದ್ರಮ್ಮ ಇದ್ದಾಳೆ. ಅರವತ್ತೆರಡೋ ಅರವತ್ತಮೂರೋ, ಅವಳಿಗೂ ಗೊತ್ತಿಲ್ಲ, ಆಧಾರ್ ಕಾರ್ಡಿನವನು ಬರೆದದ್ದೇ ವಯಸ್ಸು. ಒಂಬತ್ತು ವರ್ಷದಿಂದ ಅವಳು ಅಲ್ಲಿ ಒಬ್ಬಳೇ.

ಹತ್ತೊಂಬತ್ತಕ್ಕೆ ರಾಮಸಮುದ್ರಕ್ಕೆ ಮದುವೆ ಮಾಡಿ ಕೊಟ್ಟಿದ್ದರು. ಎರಡು ವರ್ಷಕ್ಕೆ ಗಂಡ ಸತ್ತುಹೋದ. ಗಂಟು ಕಟ್ಟಿಕೊಂಡು ತವರಿಗೆ ಬಂದವಳು ಮತ್ತೆ ಇಳಿಯಲಿಲ್ಲ. ಬಂದ ವರ್ಷವೇ ತಾಯಿ ತೀರಿಕೊಂಡಳು. ನಾಲ್ಕು ವರ್ಷದ ತಮ್ಮ ಭೀಮರಾಯನನ್ನು ಎತ್ತಿ ಆಡಿಸಿ, ಬೈದು, ಹೊಡೆದು, ಉಣಿಸಿ ದೊಡ್ಡವನನ್ನು ಮಾಡಿದಳು. ಅವನ ಮದುವೆಗೆ ಬೀಗರ ಮುಂದೆ ತಾಯಿಯ ಜಾಗದಲ್ಲಿ ನಿಂತವಳೂ ಇವಳೇ.

ದೊಡ್ಡಿಯವರು ಬೇಡರು. ಸುರಪುರದ ಅರಸರ ಕಾಲದಲ್ಲಿ ಗುಡ್ಡದ ದಾರಿ ಕಾಯಲು ಕೂತವರ ಮಕ್ಕಳು, ಮೊಮ್ಮಕ್ಕಳು. ಅರಸರು ಹೋದರು, ನಿಜಾಮರು ಹೋದರು, ಇವರು ಕೂತಲ್ಲೇ ಕೂತರು. ಆಮೇಲೆ ಯಾವ ಕಾಲದಲ್ಲೋ ಯಾವನೋ ನಕ್ಷೆಯ ಮೇಲೆ ಹಸಿರು ಬಣ್ಣ ಎಳೆದ. ಅಂದಿನಿಂದ ಇವರು ತಮ್ಮ ಜೋಳ ತೊಗರಿಯ ಹೊಲದಲ್ಲಿ ಕಳ್ಳರಾದರು. ನೇಗಿಲು ಹೂಡಿದರೆ ಅರಣ್ಯ ಇಲಾಖೆಯ ಗಾರ್ಡ್ ಬರುವುದು, ಕೊಡಲಿ ಕಸಿಯುವುದು, ಕೋಳಿ ಹಿಡಿದುಕೊಂಡು ಹೋಗುವುದು. ಅರಣ್ಯ ಹಕ್ಕಿನ ಕಾಯ್ದೆ ಬಂದಿದೆ, ಎರಡು ಸಾವಿರದ ಐದಕ್ಕೆ ಮುಂಚೆ ಸಾಗುವಳಿ ಇದ್ದವರಿಗೆ ಹಕ್ಕುಪತ್ರ ಸಿಗುತ್ತದೆ ಎಂದು ಕೇಳಿ ಏಳೂ ಮನೆಯವರು ಅರ್ಜಿ ಹಾಕಿದರು. "ದಾಖಲೆ ಸಾಲದು" ಎಂದು ಒಂದೇ ಸಾಲು ಬರೆದು ಏಳನ್ನೂ ವಾಪಸು ಕಳಿಸಿದರು. ಮತ್ತೆ ಹಾಕಿದರು.

ಅಷ್ಟರಲ್ಲಿ ಗುಡ್ಡದ ಬುಡದಲ್ಲಿ ಸರಕಾರದ ಮನೆಗಳು ಎದ್ದವು. ನಳ, ಕರೆಂಟು, ಸಾಲಿ, ರಸ್ತೆ. ಯಾರು ಬಿಟ್ಟಾರು? ಮೂಟೆ ಕಟ್ಟುವ ಹೊತ್ತಿಗೆ ಅರ್ಜಿ ಬರೆದುಕೊಟ್ಟಿದ್ದ ವಕೀಲರು ಒಂದು ಮಾತು ಹೇಳಿದರು: ಮೇಲೆ ಒಂದು ಒಲೆಯಾದರೂ ಉರಿಯುತ್ತಿರಬೇಕು, ಎಲ್ಲರೂ ಇಳಿದರೆ ಅರ್ಜಿ ಸತ್ತಂತೆ. ಎಲ್ಲರೂ ಮತ್ತೆ ಮೂಟೆಯ ಹಗ್ಗ ಬಿಗಿಯತೊಡಗಿದರು.

"ನಾ ಇರ್ತೀನಿ. ನೀವು ಹೋಗ್ರಿ" ಎಂದಳು ದೇವಿಂದ್ರಮ್ಮ.

ಅವಳ ಲೆಕ್ಕ ಸರಳವಿತ್ತು. ಗಾರ್ಡನ ಕಾಟಕ್ಕೆ ಜನ ಇಳಿದಿದ್ದಾರೆ, ಕಾಗದ ಬಂತೆಂದರೆ ಹತ್ತಿ ಬರುತ್ತಾರೆ. ಒಂದು ವರ್ಷ, ಹೆಚ್ಚೆಂದರೆ ಎರಡು. ಅಲ್ಲಿಯವರೆಗೆ ಹೇಗೋ ಹಲ್ಲು ಕಚ್ಚಿದರಾಯಿತು.

ಒಂಬತ್ತು ವರ್ಷ ಕಚ್ಚಿದಳು. ನಾಲ್ಕು ಆಡು, ಅರ್ಧ ಎಕರೆ ತೊಗರಿ, ಝರಿಯ ನೀರು. ಬೆಳಿಗ್ಗೆ ಎದ್ದು ಏಳೂ ಮನೆಯ ಅಂಗಳ ಗುಡಿಸುತ್ತಿದ್ದಳು. ಮಾತಾಡಲು ಜನವಿಲ್ಲದೆ ಆಡುಗಳ ಜೊತೆಗೇ ಜಗಳ ತೆಗೆಯುತ್ತಿದ್ದಳು. "ನಿಮ್ಮ ಹೆಣಾ ಎತ್ಲಿ, ಬಾಯಿ ಬಿಡ್ರೆ ಯಾರರ!" ಎಂದು ಬೈದು, ಅವು ಮ್ಯಾ ಅಂದರೆ ಅಷ್ಟಕ್ಕೇ ಸಮಾಧಾನ. ಹೊತ್ತು ಮುಳುಗುವಾಗ ಬಾಗಿಲಿಗೆ ಅಗುಳಿ ಹಾಕಿ ಒಲೆಯ ಮುಂದೆ ಕೂತುಬಿಡುತ್ತಿದ್ದಳು. ಕರಡಿಯ ಭಯ ಅಷ್ಟಿರಲಿಲ್ಲ. ಇಲ್ಲಿ ಬಿದ್ದು ಸತ್ತರೆ ಎಷ್ಟು ದಿನಕ್ಕೆ ಯಾರಿಗೆ ಗೊತ್ತಾದೀತು ಎಂಬ ಭಯ. ಅದನ್ನು ಯಾರಿಗೂ ಹೇಳಲಿಲ್ಲ. ವಾರಕ್ಕೊಮ್ಮೆ ಅಕ್ಕಿ ಎಣ್ಣೆ ತರುತ್ತಿದ್ದ ಭೀಮರಾಯ "ಆರಾಮ ಅದೀಯೇನಕ್ಕ?" ಎಂದರೆ, "ನನಗೇನಾಗೇತಿ ಧಾಡಿ? ರಾಣಿ ಆಗಿ ಅದೀನಿ" ಎನ್ನುತ್ತಿದ್ದಳು. ಬಿಂಕದ ಹೆಣ್ಣುಮಗಳು. ಅಳುಮೋರೆ ತೋರಿಸಿದರೆ ತಮ್ಮ ಕೆಳಗೆ ಕರೆದುಕೊಂಡು ಹೋದಾನು, ಏಳು ಮನೆಯ ಅರ್ಜಿ ಮಣ್ಣಾದೀತು ಎಂಬ ಚಿಂತೆ.

ಅರ್ಜಿಗಳನ್ನು ಮತ್ತೊಮ್ಮೆ ತನಿಖೆ ಮಾಡಲು ಅಧಿಕಾರಿಗಳು ಗುಡ್ಡಕ್ಕೇ ಬರುತ್ತಾರೆಂದು ಈ ಬೇಸಿಗೆಯಲ್ಲಿ ಸುದ್ದಿ ಬಂತು. ಬೇರೆ ಏನಿಲ್ಲದಿದ್ದರೂ ಹಿರಿಯರ ಗೋರಿಗಳಿವೆ, ಹಳೆಯ ಗೋರಿ ಇದ್ದರೆ ಅದೂ ಸಾಕ್ಷಿ ಎಂದಿದ್ದರು ವಕೀಲರು. ಹೊಲದ ಬದುವಿಗೆ ಹನ್ನೊಂದು ಗೋರಿಗಳಿದ್ದವು. ದೊಡ್ಡಿಯವರು ಸತ್ತವರಿಗೆ ತಮ್ಮ ಹೊಲದಲ್ಲೇ ಮಣ್ಣು ಕೊಡುವವರು. ವರ್ಷಕ್ಕೊಮ್ಮೆ ಎಳ್ಳಮಾಸಿಗೆ, ಎಂದರೆ ಎಳ್ಳು ಅಮಾವಾಸ್ಯೆಗೆ, ಹೊಲಕ್ಕೆ ಎಡೆಯ ಚರಗ ಚೆಲ್ಲುವ ಮುಂಚೆ ಮನೆಯ ಹೆಣ್ಣುಮಕ್ಕಳು ಗೋರಿಗೆ ಸುಣ್ಣ ಬಳಿಯಬೇಕು, ಅದು ನಡೆದು ಬಂದ ಪದ್ಧತಿ.

ಎಳ್ಳಮಾಸಿ ದೂರವಿತ್ತು, ನಿಜ. ಆದರೆ ದೊಡ್ಡ ದೊಡ್ಡವರು ಮನೆ ಬಾಗಿಲಿಗೆ ಬರುವಾಗ ಹಿರಿಯರನ್ನು ಹಾಗೇ ಬಿಡುವುದೇ? ದೇವಿಂದ್ರಮ್ಮ ಎರಡು ದಿನ ಝರಿಯಿಂದ ನೀರು ಹೊತ್ತಳು. ವಾಲಿದ ಕಲ್ಲುಗಳನ್ನು ನೆಟ್ಟಗೆ ಮಾಡಿ ಬುಡಕ್ಕೆ ಹೊಸ ಮಣ್ಣು ಮೆತ್ತಿದಳು. ಹನ್ನೊಂದಕ್ಕೂ ಎರಡೆರಡು ಕೈ ಸುಣ್ಣ, ಕೆಮ್ಮಣ್ಣಿನ ಪಟ್ಟಿ, ಕುಂಕುಮ. ಸೊಂಟ ಹಿಡಿದುಕೊಂಡು ದೂರ ನಿಂತು ನೋಡಿ ಅವಳಿಗೇ ಖುಷಿಯಾಯಿತು. ಅಯ್ಯೋ ಪುಣ್ಯಾತ್ಗಿತ್ತಿ!

ಮರುದಿನ ಐದು ಜನ ಬೆವರು ಒರೆಸಿಕೊಳ್ಳುತ್ತ ಹತ್ತಿ ಬಂದರು. ಅವರಲ್ಲಿ ಅರಣ್ಯದ ಕಡೆಯವನು ಹರೆಯದವನು. ಗೋರಿಯ ಮೇಲೆ ಬೆರಳಾಡಿಸಿದ. ಬೆರಳು ಬೆಳ್ಳಗಾಯಿತು.

"ಇವು ಎಂದಿನವು, ಅವ್ವಾ?"

"ಆ ಕಡೀದು ನಮ್ಮ ಮುತ್ಯಾನ ಮುತ್ಯಾಂದ್ರಿ."

"ಸುಣ್ಣ ಇನ್ನ ಆರಿಲ್ಲ. ಮಣ್ಣು ಹಸಿ ಐತಿ. ಮೊನ್ನೆ ಹುಗಿದಂಗದಾವ."

ಜೊತೆಯವರು ನಕ್ಕರು. ಒಂದನ್ನು ಅಗೆಸಿ ನೋಡಿದರೆ ಎಲುಬು ಇದೆಯೋ ಇಲ್ಲವೋ ತಿಳಿಯುತ್ತದೆ ಎಂದ ಇನ್ನೊಬ್ಬ. ದೇವಿಂದ್ರಮ್ಮ ತಾಯಿಯ ಗೋರಿಗೆ ಅಡ್ಡ ಹೋಗಿ ನಿಂತಳು.

"ಅಗೀಬೇಕಂದ್ರ ಮೊದಲ ನನ್ನ ಹುಗೀರಿ. ಆಮ್ಯಾಲ ಅಗೀರಿ."

ಅಗೆಯಲಿಲ್ಲ. ಆದರೆ ಗೋರಿಗಳು ಇತ್ತೀಚಿನವು ಎಂದು ಬರೆದುಕೊಂಡು ಇಳಿದರು. ಇಪ್ಪತ್ತು ದಿನಕ್ಕೆ ಯಾದಗಿರಿಯಲ್ಲಿ ವಿಚಾರಣೆ, ಹೇಳುವುದಿದ್ದರೆ ಅಲ್ಲಿ ಬಂದು ಹೇಳಿ ಎಂದರು.

ಸಂಜೆಗೆ ಭೀಮರಾಯ ಏದುಸಿರು ಬಿಡುತ್ತ ಬಂದ. "ಯಾರು ಹೇಳಿದ್ರು ನಿನಗ ಸುಣ್ಣ ಹಚ್ಚು ಅಂತ? ಇದ್ದ ಒಂದು ಸಾಕ್ಷೀನೂ ಕೈಯಾರೆ ಅಳಿಸಿದೆಲ್ಲ!"

"ದೊಡ್ಡವರು ಬರ್ತಾರಂದ್ರ ಹಿರೇರನ್ನ ಮಾಸಿದ ಅರಿವ್ಯಾಗ ಕುಂಡ್ರಸಲೇನೋ?"

ಅವನು ತಲೆ ಚಚ್ಚಿಕೊಂಡು ಇಳಿದು ಹೋದ. ಆ ವಾರ ಅಕ್ಕಿಯನ್ನೂ ತರಲಿಲ್ಲ.

ದೇವಿಂದ್ರಮ್ಮ ಒಬ್ಬಳೇ ಕೂತು ಅತ್ತಳು. ತನ್ನ ಮೇಲೆಯೇ ಸಿಟ್ಟು ಬಂತು. ಕುಡುಗೋಲಿನ ಹಿಂಬದಿಯಿಂದ ತಾಯಿಯ ಗೋರಿಯ ಸುಣ್ಣ ಕೆರೆಯತೊಡಗಿದಳು, ಬಳಿದದ್ದನ್ನೆಲ್ಲ ತೆಗೆದೇಬಿಡುತ್ತೇನೆ ಎಂದು. ಕಲ್ಲಿನ ಬುಡದಲ್ಲಿ, ಮಳೆ ತಾಗದ ಮಗ್ಗುಲಲ್ಲಿ, ಹೆಬ್ಬೆಟ್ಟು ದಪ್ಪದ ಚಕ್ಕೆಯೊಂದು ಕಳಚಿ ಕೈಗೆ ಬಂತು. ನೋಡಿದರೆ ಪದರ, ಪದರ, ಪದರ. ಒಂದೊಂದು ಎಳ್ಳಮಾಸಿಗೆ ಒಂದೊಂದು ಪದರ. ಎಲ್ಲವೂ ತನ್ನ ಕೈಯವೇ, ನಲವತ್ತು ಇರಬೇಕು. ಕೆಳಗಿನ ಪದರಗಳಲ್ಲಿ ಕರಿ ಕರಿ ಚುಕ್ಕೆಗಳಿದ್ದವು, ಮೇಲಿನವು ಬರೀ ಬಿಳಿ. ಇದೇನೆಂದು ಅವಳಿಗೆ ತಿಳಿಯಲಿಲ್ಲ. ತಿಳಿದವರು ಯಾರು ಎಂಬುದು ಮಾತ್ರ ಹೊಳೆಯಿತು. ಹಾಗೆಯೇ ಕಡೆಯಲ್ಲಿದ್ದ ಹಿರಿಯಜ್ಜ ಮುತ್ಯಾನ ಗೋರಿಯ ಚಕ್ಕೆಯನ್ನೂ ಎಬ್ಬಿಸಿ, ಎರಡನ್ನೂ ಸೆರಗಿನಲ್ಲಿ ಕಟ್ಟಿಕೊಂಡು ಶಹಾಪುರದ ಬಸ್ಸು ಹತ್ತಿದಳು.

ಸುಣ್ಣದ ಬಾಷುಮಿಯಾನಿಗೆ ಎಂಬತ್ತು ದಾಟಿತ್ತು. ಅವನೂ ಅವನಿಗಿಂತ ಮುಂಚೆ ಅವನ ತಂದೆಯೂ ಎಳ್ಳಮಾಸಿಯ ಮುನ್ನ ಕತ್ತೆಯ ಮೇಲೆ ಸುಣ್ಣದ ಚೀಲ ಹೇರಿಕೊಂಡು ದೊಡ್ಡಿಗೆ ಬರುತ್ತಿದ್ದವರು. ಅವನ ಹೆಂಡತಿ ಜಹೀರುನ್ನೀಸಾ ಒಳಗೆ ಕರೆದು ಚಹಾ ಕೊಟ್ಟಳು. ಬಾಷುಮಿಯಾ ಕನ್ನಡಕ ಏರಿಸಿ, ಚಕ್ಕೆಯನ್ನು ಬೆಳಕಿಗೆ ಹಿಡಿದು, ಉಗುರಿನಿಂದ ಗೀರಿ, ನಾಲಿಗೆಗೂ ಮುಟ್ಟಿಸಿದ.

"ಯಾ ಅಲ್ಲಾ! ಬೇಟಿ, ಇದು ನಮ್ಮ ಅಬ್ಬಾನ ಭಟ್ಟಿ ಸುಣ್ಣ. ಕಟ್ಟಿಗಿ ಹಾಕಿ ಸುಡ್ತಿದ್ವಿ ನೋಡು, ಇದ್ದಲಿ ಚೂರು ಸೇರ್ತಿತ್ತು. ಮ್ಯಾಲಿಂದು ಪಾಕೀಟ ಸುಣ್ಣ. ನನ್ನ ಮಗಳು ಗುಲ್ನಾಜಳ ಶಾದಿ ವರ್ಷ ಭಟ್ಟಿ ಬಂದ ಮಾಡಿದ್ವಿ. ಇಪ್ಪತ್ತೈದು ವರ್ಷ ಮ್ಯಾಲ ಆತು."

"ಇದನ್ನ ಸಾಹೇಬರ ಮುಂದ ಹೇಳ್ತೀಯೇನು ಕಾಕಾ?"

"ಹೇಳಲಾರದೇನು? ಸುಣ್ಣದ ಮಾತು ಸುಣ್ಣದಾಂವ ಹೇಳಬೇಕೋ ಜಂಗಲ್‌ದಾಂವ ಹೇಳಬೇಕೋ?"

ಯಾದಗಿರಿಯ ವಿಚಾರಣೆಗೆ ಮುದುಕ ಇಸ್ತ್ರಿ ಮಾಡಿದ ಶೇರವಾನಿ ಹಾಕಿಕೊಂಡು ಬಂದ. ಭಟ್ಟಿಯ ಹಳೆಯ ಲೈಸೆನ್ಸು, ಅದನ್ನು ಬಂದ್ ಮಾಡಿದ ಕಾಗದ, ಮಗಳ ಮದುವೆಯ ಆಮಂತ್ರಣ ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ ತಂದಿದ್ದ. ಮೇಜಿನ ಮೇಲೆ ಚಕ್ಕೆಗಳನ್ನಿಟ್ಟು ಪದರ ಎಣಿಸಿ, ಕರಿ ಚುಕ್ಕೆಯವೆಲ್ಲ ಎರಡು ಸಾವಿರದ ಐದಕ್ಕೂ ಮುಂಚಿನವು ಎಂದು ತೋರಿಸಿದ. ಮೇಜಿನಾಚೆ ಕೂತಿದ್ದ ಅಧಿಕಾರಿ ಹೆಣ್ಣುಮಗಳು. ಭೂತಗನ್ನಡಿ ತರಿಸಿ ತಾನೇ ನೋಡಿದಳು. "ಹಳೇ ಸುಣ್ಣ ಎಲ್ಲಿಂದಾದರೂ ಕಿತ್ತು ತಂದಿರಬಹುದು" ಎಂದ ಅರಣ್ಯದ ಹುಡುಗ. "ಹಂಗಾದ್ರ ನಾಳೆ ನೀವೇ ಹೋಗಿ ಹನ್ನೊಂದರದ್ದೂ ಬುಡ ಕೆರೆದು ನೋಡಿ ಬರ್ರಿ" ಎಂದಳು ಅವಳು. ಹೋದ. ನೋಡಿದ. ಹನ್ನೊಂದರಲ್ಲಿ ಎಂಟರ ಬುಡದಲ್ಲಿ ಕರಿ ಚುಕ್ಕೆ ಸಿಕ್ಕಿತು. ಪಾಪ, ಸುಳ್ಳು ಬರೆಯಲಿಲ್ಲ ಆ ಹುಡುಗ.

ಐದು ತಿಂಗಳಿಗೆ ಶಹಾಪುರದಲ್ಲಿ ಶಾಮಿಯಾನ ಹಾಕಿ ಹಕ್ಕುಪತ್ರ ಕೊಟ್ಟರು. ಏಳು ಹೆಸರು ಕೂಗಿದರು, ಏಳು ಜನ ಎದ್ದು ಹೋಗಿ ತೆಗೆದುಕೊಂಡರು. ದೇವಿಂದ್ರಮ್ಮನ ಸರದಿ ಬಂದಾಗ ದೊಡ್ಡಿಯ ಜನ ಸೀಟಿ ಹೊಡೆದು ಚಪ್ಪಾಳೆ ತಟ್ಟಿದರು. ಮೊಬೈಲಿನಲ್ಲಿ ಫೋಟೋ ಹಿಡಿದರು. ಅವಳು ಅಷ್ಟು ಜನರನ್ನು ಒಂದೇ ಕಡೆ ನೋಡಿ ಎಷ್ಟು ವರ್ಷವಾಗಿತ್ತೋ, ಹೊಟ್ಟೆ ತುಂಬಿದ ಹಾಗಾಯಿತು.

ಮರಳುವಾಗ ಟೆಂಪೋದಲ್ಲಿ ತಮ್ಮನ ಪಕ್ಕ ಕೂತಳು. ಮನಸ್ಸು ಆಗಲೇ ಗುಡ್ಡ ಹತ್ತಿತ್ತು. ದೊಡ್ಡಿಯಲ್ಲಿ ಪಕ್ಕದ ಮನೆ ಮಲ್ಲಣ್ಣನದು, ಅದರ ಮಾಳಿಗೆಗೆ ತೊಲೆ ಬೇಕು, ಭೀಮರಾಯನದು ಗೋಡೆ ಗಟ್ಟಿ ಇದೆ, ಮೊದಲು ಅದನ್ನೇ ಹಿಡಿಯಬೇಕು.

"ಮತ್ತ ಯಾವಾಗ ಬರ್ತೀರಿ ಎಲ್ಲಾರು?" ಎಂದು ಕೇಳಿದಳು.

"ಎಲ್ಲಿಗಕ್ಕಾ?" ಎಂದ ಭೀಮರಾಯ.

ನಿಜಕ್ಕೂ ತಿಳಿಯದೇ ಕೇಳಿದ್ದ. ಅವನ ಮುಖ ನೋಡಿ ಅವಳಿಗೆ ಅದು ಗೊತ್ತಾಯಿತು.

"ಮ್ಯಾಲ. ನಮ್ಮ ದೊಡ್ಡಿಗಿ."

"ಅಕ್ಕಾ, ನಾವ್ಯಾಕ ಬರೋಣು? ಹುಡುಗ್ರು ಸಾಲಿಗಿ ಹೊಂಟಾರ. ಬಿತ್ತಾಕ ಬರ್ತೀವಿ, ರಾಶಿ ಮಾಡಾಕ ಬರ್ತೀವಿ. ಇರಾಕ ಅಲ್ಲ."

"ಹಂಗಾದ್ರ ಈ ಕಾಗದದ ಸಲುವಾಗಿ ಇಷ್ಟು ವರ್ಷ ಯಾಕ ತಿರುಗಿದ್ರೋ?"

"ನಿನ್ನ ಸಲುವಾಗಿ" ಎಂದ ಅವನು. "ನಿನಗ ಗುಡ್ಡ ಬಿಟ್ಟು ಜೀವ ನಿಲ್ಲಂಗಿಲ್ಲ ಅಂತ ತಿಳದಿದ್ವಿ. ಅಕೀನ್ನ ಯಾರೂ ಎಬ್ಬಿಸಬಾರದು, ಅಕೀ ಇದ್ದಲ್ಲೇ ಇರಲಿ ಅಂತ ಕಚೇರಿ ಕಚೇರಿ ತಿರುಗಿದ್ವಿ. ನೀನ ಅಂದಿದ್ದೆಲ್ಲ, ರಾಣಿ ಆಗಿ ಅದೀನಿ ಅಂತ?"

ದೇವಿಂದ್ರಮ್ಮ ಅವನನ್ನೇ ನೋಡಿದಳು. ಒಂಬತ್ತು ವರ್ಷ ಮುಚ್ಚಿಟ್ಟದ್ದು ಬಾಯಿಗೆ ಬಂದೇಬಿಟ್ಟಿತು.

"ನನಗ ಅಂಜಿಕಿ ಬರ್ತಿತ್ತೋ ಭೀಮ್ಯಾ. ದಿನಾ ಅಂಜಿಕಿ ಬರ್ತಿತ್ತು. ನೀವು ಬರ್ತೀರಂತ ಕುಂತಿದ್ದೆ."

ಟೆಂಪೋ ನಡೆಯುತ್ತಲೇ ಇತ್ತು. ಹಿಂದೆ ಕೂತಿದ್ದ ಮಲ್ಲಣ್ಣ ರುಮಾಲಿನಿಂದ ಕಣ್ಣು ಒರೆಸಿಕೊಂಡ.

ಗುಡ್ಡದ ದಾರಿ ಒಡೆಯುವಲ್ಲಿ ಅವಳು ಇಳಿದಳು. ಭೀಮರಾಯನೂ ಜಿಗಿದು ಇಳಿದು ಅವಳ ಕೈ ಹಿಡಿದ.

"ಮನಿಗಿ ನಡಿ, ಅಕ್ಕಾ. ಇನ್ನ ಮ್ಯಾಲೇನೈತಿ? ಕಾಗದ ಬಂತಲ್ಲ."

"ಇರಾವ್ರು ಯಾರೂ ಇಲ್ಲಂದ್ರ ನಾಳೆ ಮತ್ತ ಬರ್ತಾರ ಗೋರಿ ಅಗ್ಯಾಕ."

"ಹೊತ್ತು ಇಳೀತು. ಒಬ್ಬಾಕೀನ ಹೆಂಗ ಹೋಗ್ತಿ?"

"ಒಂಬತ್ತು ವರ್ಷ ಯಾರ ಜೋಡಿ ಹೋಗೀನೋ?"

ಕೈ ಬಿಡಿಸಿಕೊಂಡು ಹತ್ತತೊಡಗಿದಳು. ಟೆಂಪೋದವನು ಎರಡು ಸಲ ಹಾರ್ನ್ ಹೊಡೆದ. ಭೀಮರಾಯ ಅದನ್ನು ಕಳಿಸಿಬಿಟ್ಟು, ಅಕ್ಕ ಮೊದಲ ತಿರುವು ದಾಟಿ ಕಾಣದಾಗುವವರೆಗೂ ದಾರಿಯಲ್ಲಿ ನಿಂತಿದ್ದ. ಅವಳು ತಿರುಗಿ ನೋಡಲಿಲ್ಲ. ಆಮೇಲೆ ಅವನು ತನ್ನ ಮನೆಯ ಕಡೆ ನಡೆದ.