ಮಾವನ ಪಿಕಪ್ ಏಕೆ ನಿಲ್ಲುತ್ತಿತ್ತು?

ಕ್ಲಚ್ ಪೆಡಲೇ ಇಲ್ಲದ ವಾಹನದ ಚಾಲಕರಿಗೆ "ಕ್ಲಚ್ ಒತ್ತಿ ಮಾರಾಯ್ರೇ" ಎಂದು ನಡುರಸ್ತೆಯಲ್ಲಿ ಉಪದೇಶ ಮಾಡುವವರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಆ ಚಾಲಕರು ನನ್ನ ಸೋದರಮಾವ.

ಮಾವ ಬಾಯಾರಿನವರು. ಮದುವೆ, ಗೃಹಪ್ರವೇಶಗಳಿಗೆ ಕುರ್ಚಿ, ಶಾಮಿಯಾನ, ಅಡುಗೆಯ ಪಾತ್ರೆಗಳನ್ನು ಬಾಡಿಗೆಗೆ ಕೊಡುವುದು ಅವರ ವೃತ್ತಿ. ಹಿಂದೊಮ್ಮೆ ಚಪ್ಪರ ಕಟ್ಟುವಾಗ ಬಿದ್ದು ಎಡ ಮೊಣಕಾಲು ಮಡಚದಂತಾಯಿತು. ಎಡಗಾಲಿಗೆ ಕೆಲಸವಿಲ್ಲದ ಗಾಡಿಯೇ ಬೇಕೆಂದು ಹುಡುಕಿ, ಹಳೆಯದೊಂದು ಆಟೋಮ್ಯಾಟಿಕ್ ಪಿಕಪ್ ಕೊಂಡರು. ಅದು ಇದ್ದರೆ ಮಾವ ಊರಿಡೀ ಓಡಾಡುವ ಮನುಷ್ಯ. ಇಲ್ಲದಿದ್ದರೆ ಜಗಲಿಯ ಮನುಷ್ಯ.

ಈ ಸಲದ ಮಳೆಗಾಲ ಕಳೆದ ಮೇಲೆ ಪಿಕಪ್ ಕೈಕೊಡಲಾರಂಭಿಸಿತು. ಇಳಿಜಾರು ಮುಗಿದಲ್ಲಿರುವ ಜಂಕ್ಷನ್ನಿನಲ್ಲಿ ದೈವದ ಕಾಣಿಕೆ ಡಬ್ಬಿ ಇದೆ. ಅಲ್ಲಿ ನಿಲ್ಲಿಸಿ ನಾಣ್ಯ ಹಾಕದೆ ಮುಂದೆ ಹೋಗುವ ಚಾಲಕರು ನಮ್ಮ ಕಡೆ ಕಡಿಮೆ. ಮಾವ ಬ್ರೇಕ್ ಒತ್ತಿ ಇನ್ನೇನು ನಿಲ್ಲಬೇಕು, ಅಷ್ಟರಲ್ಲಿ ಪಿಕಪ್ ಗಡಗಡ ನಡುಗಿ ಆಫ್. ಕೀ ತಿರುಗಿಸಿದರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್. ಹಿಂದೆ ಬಸ್ಸಿನ ಹಾರ್ನ್. ಎದುರು ರಿಕ್ಷಾ ಸ್ಟ್ಯಾಂಡಿನಲ್ಲಿ ನಗು.

ಎಂಜಿನ್ ಹಾಗೆ ಆಫ್ ಆಯಿತೆಂದರೆ ನಮ್ಮಲ್ಲಿ ಒಂದೇ ಅರ್ಥ: ಚಾಲಕ ಕ್ಲಚ್ ಒತ್ತಲು ಮರೆತ. (ಡ್ರೈವಿಂಗ್ ಸ್ಕೂಲಿನಲ್ಲಿ ನಾವೆಲ್ಲರೂ ಬೈಸಿಕೊಂಡದ್ದು ಅದಕ್ಕೇ ತಾನೇ?) ಪೆಡಲ್ ಇಲ್ಲವೆಂದು ಗೊತ್ತಾದ ಮೇಲೂ ತೀರ್ಪು ಬದಲಾಗಲಿಲ್ಲ. ಯಾವುದೋ ಹರಕೆ ಬಾಕಿ ಇದೆ ಎಂದರು ಅತ್ತೆ. ಪ್ರಾಯವಾಯಿತು ಎಂದರು ರಿಕ್ಷಾದವರು. ಪ್ರತಿಕ್ರಿಯೆಯ ವೇಗ ಕುಂದಿದೆ, ಆದುದರಿಂದ ಬ್ರೇಕನ್ನು ತಡವಾಗಿ ಒತ್ತುತ್ತಿದ್ದಾರೆ ಎಂದೆ ನಾನು. ಮೂವರು ಹೇಳಿದ್ದೂ ಒಂದೇ: ದೋಷ ಮಾವನದು. ನನ್ನ ವಾಕ್ಯ ಮಾತ್ರ ಸ್ವಲ್ಪ ಶುದ್ಧವಾಗಿತ್ತು.

ಊರಿನ ಗ್ಯಾರೇಜಿನಲ್ಲಿ ತೋರಿಸಿದೆವು. ಎಂಜಿನ್ ತಣ್ಣಗಿರುವಾಗ ನಾಲ್ಕು ಮಾರು ಓಡಿಸಿ, ಗಾಡಿಯಲ್ಲಿ ಎಂತದೂ ಇಲ್ಲ ಎಂದುಬಿಟ್ಟರು. ಗಾಡಿಯಲ್ಲಿ ಇಲ್ಲವೆಂದ ಮೇಲೆ ದೋಷ ಎಲ್ಲಿರಬೇಕು? ಮಾವ ವಾದಿಸಲಿಲ್ಲ. ಕೀಯನ್ನು ತಾವೇ ತಂದು ಅತ್ತೆಯ ಕೈಗಿತ್ತರು.

"ನಾಳೆ ಇದು ಯಾವುದಾದ್ರೂ ಶಾಲೆಮಕ್ಕಳ ಎದುರು ನಿಂತ್ರೆ? ಕೊಟ್ಟುಬಿಡುವ ಮಾರಾಯ್ತಿ."

ಗಿರಾಕಿಯೊಬ್ಬರಿಗೆ ತೋರಿಸಲೆಂದು ಕಳೆದ ಶನಿವಾರ ನಾನೇ ಅದನ್ನು ಬದಿಯಡ್ಕಕ್ಕೆ ಓಡಿಸಿಕೊಂಡು ಹೋದೆ. ಪೇಟೆಯೊಳಗೆ, ನಾನು ಪಾಠ ಮಾಡುವ ಶಾಲೆಯ ಗೇಟಿನ ಮುಂದೆ, ಬ್ರೇಕ್ ಒತ್ತಿದೆ. ಗಡಗಡ. ಆಫ್.

ಅಲ್ಲಿ ಕಾಣಿಕೆ ಡಬ್ಬಿ ಇರಲಿಲ್ಲ. ನನಗೆ ಪ್ರಾಯವೂ ಆಗಿರಲಿಲ್ಲ.

ಗಿರಾಕಿಯ ಬಳಿಗೆ ಹೋಗುವುದನ್ನು ಬಿಟ್ಟು, ಗಲ್ಫಿನಲ್ಲಿ ಆಟೋಮ್ಯಾಟಿಕ್ ಗಾಡಿಗಳ ಕೆಲಸ ಮಾಡಿ ಬಂದ ಅಶ್ರಫ್ ಅವರ ಗ್ಯಾರೇಜಿಗೆ ಹೋದೆ. (ದುಬೈಯಲ್ಲಿ ಅವರು ಮುಟ್ಟದ ಗಾಡಿ ಇಲ್ಲವಂತೆ. ಅದನ್ನು ಅವರೇ ಹೇಳಿದರು, ಹಲವು ಬಾರಿ.) ಸ್ಕ್ಯಾನರ್ ಹಚ್ಚಿದರು, ಅದು ಬಾಯಿ ಬಿಡಲಿಲ್ಲ. ಬಿಸಿಯಾಗುವವರೆಗೆ ಓಡಿಸಿ ನಿಲ್ಲಿಸಿದರು. ಆಫ್ ಆಯಿತು. ಅವರ ಮುಖ ಅರಳಿತು.

"ಇದರಲ್ಲಿ ಪೆಡಲ್ ಇಲ್ಲ ಅಷ್ಟೇ ಟೀಚರೇ. ಕ್ಲಚ್ ಒಳಗೆ ಉಂಟು."

ಸಂಗತಿ ಇಷ್ಟು. ಇಂತಹ ಗಾಡಿಯಲ್ಲಿ ಎಂಜಿನ್ನಿನ ಶಕ್ತಿ ಗೇರ್‌ಬಾಕ್ಸಿಗೆ ಹೋಗುವುದು ಟಾರ್ಕ್ ಕನ್ವರ್ಟರ್ ಎಂಬ ಭಾಗದೊಳಗಿನ ಆಯಿಲ್ ಮೂಲಕ. ವೇಗ ಹೆಚ್ಚಿದಾಗ ಒಳಗಿನ ಕ್ಲಚ್ ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ನೇರವಾಗಿ ಜೋಡಿಸುತ್ತದೆ. ನಿಧಾನಿಸಿದಾಗ ಬಿಡಿಸಬೇಕಾದದ್ದು ಸೊಲೆನಾಯ್ಡ್ ಎಂಬ ಪುಟ್ಟ ವಾಲ್ವ್. ಅದು ಬಿಸಿಯಲ್ಲಿ ಸಿಕ್ಕಿಕೊಂಡರೆ ಕ್ಲಚ್ ಬಿಡುವುದಿಲ್ಲ. ಗಾಡಿ ನಿಂತಾಗ ಎಂಜಿನ್ನೂ ನಿಲ್ಲುತ್ತದೆ. ಗುಮಾನಿ ಸಾಲದೆಂದು ಅವರು ಆ ಸೊಲೆನಾಯ್ಡಿನ ವಯರನ್ನು ಕಳಚಿ, ಅದೇ ದಾರಿಯಲ್ಲಿ ಮತ್ತೆ ಓಡಿಸಿದರು. ಎಲ್ಲಿ ನಿಲ್ಲಿಸಿದರೂ ಎಂಜಿನ್ ಆಫ್ ಆಗಲಿಲ್ಲ. ಹೊಸ ಸೊಲೆನಾಯ್ಡ್ ತರಿಸಿ ಹಾಕಿದರು. ಮುಗಿಯಿತು.

ಮುಗಿಯಿತೆಂದೇ ನಾನೂ ಭಾವಿಸಿದ್ದೆ. ಸಿಹಿ ಸುದ್ದಿ ಒಯ್ಯುವವಳಂತೆ ಬಾಯಾರಿಗೆ ಹೋಗಿ ಕೀಯನ್ನು ಚಾಚಿದೆ. ಎಲ್ಲವನ್ನೂ ವಿವರಿಸಿದೆ. ಮಾವ ತಲೆಯಾಡಿಸುತ್ತ ಕೇಳಿದರು. ಆಮೇಲೆ ಸುತ್ತಿ ಹೋಗಿ, ಎಡಬದಿಯ ಬಾಗಿಲು ತೆರೆದು, ಮೊಣಕಾಲನ್ನು ಕೈಯಿಂದ ಎತ್ತಿಟ್ಟು ಕುಳಿತರು.

"ನೀನೇ ಗಾಡಿ ಬಿಡು ಮಗಳೇ."

"ಗಾಡಿದೇ ದೋಷ ಮಾವ. ನಿಮ್ಮದಲ್ಲ."

"ಆಯ್ತು. ಇನ್ನೊಂದು ಸರ್ತಿ ನಿಂತ್ರೆ ಪುನಃ ನಂದೇ ಅಲ್ವಾ?"

ನಾನು ಸ್ಟೀರಿಂಗಿನ ಹಿಂದೆ ಕುಳಿತೆ. ಓಡಿಸಿದೆ. ಜಂಕ್ಷನ್ನಿನಲ್ಲಿ ಬ್ರೇಕ್ ಒತ್ತಿದೆ. ಪಿಕಪ್ ನಿಂತಿತು, ಎಂಜಿನ್ ಸಣ್ಣಗೆ ಗುನುಗುತ್ತಲೇ ಇತ್ತು. ರಿಕ್ಷಾದವರು ತಲೆ ಎತ್ತಲೂ ಇಲ್ಲ. ಮಾವ ಇಳಿದು ನಾಣ್ಯ ಹಾಕಿ ಬಂದರು. ಮತ್ತೆ ಹೊರಟೆವು. ತಿರುವಿನಲ್ಲಿ ಬಸ್ಸೊಂದು ಎದುರಾದಾಗ ಅಕಸ್ಮಾತ್ತಾಗಿ ಕೆಳಗೆ ನೋಡಿದೆ. ಪೆಡಲ್ ಇಲ್ಲದ ಆ ಬದಿಯಲ್ಲಿ ಮಾವನ ಬಲಗಾಲು ಮ್ಯಾಟನ್ನು ಮೆತ್ತಗೆ ಒತ್ತುತ್ತಿತ್ತು. ನಾನು ಬ್ರೇಕ್ ಒತ್ತುವುದಕ್ಕಿಂತ ಒಂದು ಕ್ಷಣ ಮೊದಲೇ.

ಗಾಡಿಗಾದರೆ ಬಿಸಿಯಾಗುವವರೆಗೆ ಕಾದು, ವಯರ್ ಕಳಚಿ, ಮತ್ತೆ ಓಡಿಸಿ ನೋಡಿದ ಮೇಲೆಯೇ ದೋಷ ಹೇಳಿದೆವು. ಮಾವನಿಗೆ ಅಷ್ಟು ಹೊತ್ತು ಯಾರು ಕೊಟ್ಟಿದ್ದೆವು?