ಉಠೋ ಮತ್

ಅರವತ್ತೈದರ ಯುದ್ಧ ನಡೆದಿತ್ತು. ಕೊಲ್ಹಾಪುರದಲ್ಲಿ ಕಾಲೇಜಿನ ಕೆಡೆಟ್‌ಗಳಾದ ನಮಗೆ ಸೈನ್ಯದ ತರಬೇತಿಯ ಹಿಂದಿ ಚಿತ್ರ ತೋರಿಸಿದರು. ಗುಂಡು ಹಾರುವ ಬಯಲಲ್ಲಿ ಸಿಪಾಯಿಗಳು ಬೋರಲು ಮಲಗಿದ್ದರು. "ಉಠೋ ಮತ್" ಎಂದು ಪರದೆಯಿಂದ ದನಿ ಬಂತು.

ನಾನು ಗಡಹಿಂಗ್ಲಜದವನು. ಮರಾಠಿಯ 'ಉಠ' ಎಂದರೆ ಏಳು, ನಮ್ಮ ಮನೆಗನ್ನಡದ 'ಮತ್' ಎಂದರೆ ಮತ್ತೆ. ಮತ್ತೆ ಏಳಬೇಕು ಎಂದೇ ತಿಳಿದೆ.

ಮರುದಿನ ಮೈದಾನದಲ್ಲಿ ನಮ್ಮನ್ನು ಮಲಗಿಸಿ ಹವಾಲ್ದಾರರು ಅದೇ ಮಾತು ಕೂಗಿದರು. ನಾನೊಬ್ಬನೇ ಎದ್ದು ನಿಂತೆ.

"ತೂ ಮೇಲಾಸ್" ಎಂದರು ಅವರು ಮರಾಠಿಯಲ್ಲಿ. ನೀನು ಸತ್ತೆ.

ಎಲ್ಲರೂ ನಕ್ಕರು. ನಗುವವರ ಬಾಯಿಗೆ ಮಣ್ಣು ತುಂಬುವಷ್ಟು ಸಿಟ್ಟು ಬಂತು. ಆ ವರ್ಷವೇ ಸೈನ್ಯ ಸೇರಿದ ನನ್ನಣ್ಣ ಗಡಿಯಲ್ಲಿದ್ದ. ಅವನ ಹಿಂದಿಯೂ ನನ್ನದರಷ್ಟೇ.

ಅಂಚೆ ಕಚೇರಿಗೆ ಓಡಿಹೋಗಿ ಕಾರ್ಡು ಬರೆದೆ: "ಅಣ್ಣಾ, ಹಿಂದಿಯೊಳಗ ಮತ್ ಅಂದ್ರ ಬ್ಯಾಡ ಅಂತ. ಉಠೋ ಮತ್ ಅಂದ್ರ ಏಳಬ್ಯಾಡ." ಕೊನೆಗೆ ರೂಢಿಯಂತೆ, "ಮತ್ ಪತ್ರ ಬರಿ" ಎಂದು ಸೇರಿಸಿದೆ.

ಬರೆದದ್ದನ್ನು ಓದಿ ನೋಡಿದೆ. ಕೊನೆಯ 'ಮತ್' ಒಂದನ್ನು ಕಾಣದಂತೆ ಗೀಚಿದೆ.