ಹಾಲು ಕುಡಿದ ಉಡ

ಎಪ್ಪತ್ತರ ದಶಕ ಮುಗಿಯುವ ಹೊತ್ತು. ನಿಮ್ಮ ಅಜ್ಜ ಹುನಗುಂದದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು, ನೌಕರಿ ಮಾತ್ರ ಇನ್ನೂ ಖಾಯಂ ಆಗಿರಲಿಲ್ಲ. ನಾಗರ ಪಂಚಮಿಯ ಮರುದಿನ ಬಾಗಲಕೋಟೆಯಿಂದ ಶಿಕ್ಷಣ ಖಾತೆಯ ಸಾಹೇಬರು ಬಂದು ಪಾಠ ನೋಡುವವರಿದ್ದರು. ಮೆಚ್ಚಿದರೆ ಖಾಯಂ, ಇಲ್ಲದಿದ್ದರೆ ಬೇರೆ ಊರು ಹುಡುಕಬೇಕು.

ಪಾಠ ಯಾವುದು ಅಂತೀರಿ? ಉಡ ಮತ್ತು ಗಿಣಿ ಬಾಯಿ ಮುಚ್ಚುವುದು ಹೇಗೆ ಎಂಬುದು. ನಾನು ಬರೀ ಏಳನೆಯ ಇಯತ್ತೆ ಓದಿದವಳು. ಬಾಯಿ ಮುಚ್ಚುವುದನ್ನೂ ಸಾಲೆಯಲ್ಲಿ ಕಲಿಸುತ್ತಾರೆಯೇ ಎಂದು ನನಗೆ ನಗು. ನಿಜವಾದ ಎಲುಬನ್ನು ಅತ್ತೆ ಹೊಸ್ತಿಲು ದಾಟಗೊಡುತ್ತಿರಲಿಲ್ಲ. ಅದಕ್ಕೇ ನಿಮ್ಮ ಅಜ್ಜ ರಟ್ಟು ಕತ್ತರಿಸಿ, ಗಂಜಿಯಿಂದ ಅಂಟಿಸಿ, ಎರಡು ತಲೆಬುರುಡೆ ಮಾಡಿದರು. ಸ್ನಾಯುವಿನ ಬದಲು ಸೈಕಲ್ ಟ್ಯೂಬಿನ ಪಟ್ಟಿ.

ಆದರೆ ಉಡದ ಬಾಯಿ ಮುಚ್ಚಲೊಲ್ಲದು.

"ಏ, ಇಲ್ಲಿ ಬಾ. ಒಂದು ಖಡಕ್ ರೊಟ್ಟಿ ತಿನ್ನು," ಎಂದರು.

"ಈಗೇನ್ರಿ? ಅತ್ತೀರು ಹೊರಗ ಕುಂತಾರ."

"ತಿನ್ನು ಅಂದ್ರ ತಿನ್ನು. ಕಣ್ಣಿನ ಬಾಜೂಕ ಬೆರಳಿಟ್ಟು ನೋಡು."

ಸೆರಗು ಹಣೆಗೆ ಎಳೆದುಕೊಂಡು ಕಚ್ಚಿದೆ. ಕಣ್ಣಿನ ಪಕ್ಕ ಏನೋ ಉಬ್ಬಿ ಇಳಿಯಿತು. ಕೆಲಸವೆಲ್ಲ ಗಲ್ಲದ್ದು ಎಂದುಕೊಂಡಿದ್ದೆ. ನೋಡಿದರೆ ಹಗ್ಗ ಎಳೆಯುವವನು ಅಟ್ಟದ ಮೇಲೆ ಕೂತಿದ್ದಾನೆ!

"ಪಟ್ಟಿ ಕೀಲಿನ ಮಗ್ಗಲಕ್ಕ ಕಟ್ಟಬಾರದಿತ್ತು," ಎಂದರು. "ಬಾಗಲಾ ಕೀಲಿನ ಹತ್ರ ದೂಡಿದ್ರ ಬಿಗಿ, ಚಿಲಕದ ಹತ್ರ ದೂಡಿದ್ರ ಹಗೂರ. ಹಂಗ ಇದೂ."

ಪಟ್ಟಿಯನ್ನು ಕೊಂಚ ಮುಂದೆ ಸರಿಸಿದಾಗ ಬಾಯಿ ಟಕ್ಕನೆ ಮುಚ್ಚಿತು. ಇನ್ನೂ ಮುಂದೆ ಸರಿಸಿದರೆ ಹಿಡಿತವೇನೋ ಜೋರು, ಆದರೆ ಬಾಯಿ ಅಗಲ ತೆರೆಯದು.

"ಇವೆಲ್ಲಾ ಒಂದ ಮನಿತನ," ಎಂದು ಗಿಣಿಯ ಬುರುಡೆ ಎತ್ತಿ ತೋರಿಸಿದರು. "ಹಿರೇರ ತಲ್ಯಾಗ ಕಣ್ಣಿನ ಹಿಂದ ಎರಡು ಕಿಟಕಿ ಇದ್ದುವು, ಸ್ನಾಯು ಉಬ್ಬಾಕ ಜಾಗಾ ಬೇಕಲ್ಲ. ವಾಟ್ನಿ ಆಗಿ ಬ್ಯಾರೆ ಬ್ಯಾರೆ ಆದಮ್ಯಾಲೆ ಉಡ ಕೆಳಗಿನ ಕಿಟಕಿ ಕಟ್ಟಿ ಕೆಡವಿತು. ಹಕ್ಕಿ ಎರಡೂ ಕಿಟಕಿ ನಡುವಿನ ಗ್ವಾಡಿ ಕೆಡವಿತು. ಗಿಣಿ ಅಂತೂ ಮ್ಯಾಲಿನ ಕೊಕ್ಕನೂ ಎತ್ತತೈತಿ."

"ನಿಮ್ಮ ಕಾಕಾರ ಮನಿ ಹಂಗ ಅನ್ರಿ," ಎಂದೆ. ಗೋಡೆ ಕೆಡವುವುದೆಂದರೆ ಅವರ ಚಿಕ್ಕಪ್ಪನಿಗೆ ಭಾಳ ಪ್ರೀತಿ.

ಪಂಚಮಿಯ ಬೆಳಿಗ್ಗೆ ಉಡಕ್ಕೆ ಮತ್ತೊಂದು ಸಲ ಗಂಜಿ ಹಚ್ಚಿ, ಆರಲೆಂದು ಪಡಸಾಲೆಯ ಮಣೆಯ ಮೇಲೆ ಇಟ್ಟು ಸ್ನಾನಕ್ಕೆ ಹೋದರು. ಅತ್ತೆಯ ಕಣ್ಣಿಗೆ ಪೊರೆ ಬಂದಿತ್ತು. ಕುಂಬಾರರ ಮನೆಯಿಂದ ಬಂದ ಮಣ್ಣಿನ ನಾಗಪ್ಪನೇ ಎಂದುಕೊಂಡು ಕೊಬ್ಬರಿ ಬಟ್ಟಲಿನಿಂದ ಹಾಲೆರೆಯತೊಡಗಿದರು. "ದೇವರ ಪಾಲು, ಗುರುವಿನ ಪಾಲು, ನನ್ನ ಮಗನ ಪಾಲು..."

"ಯವ್ವಾ! ಅದು ನಾಗಪ್ಪ ಅಲ್ಲ, ಉಡ!" ಎಂದು ಸ್ನಾನ ಮುಗಿಸಿ ಬಂದ ನಿಮ್ಮ ಅಜ್ಜ ಕೂಗಿದರು.

"ಬಾಯಿ ತಗದು ಕುಂತಿತ್ತಲ್ಲೋ ತಮ್ಮಾ! ಪಾಪ, ಹಸದೈತಿ ಅಂತ ಇನ್ನಷ್ಟು ಎರದೆ."

ರಟ್ಟು ನೆನೆದು ಹಳಸಿದ ಸಂಗಟಿಯ ಮುದ್ದೆಯಂತಾಗಿತ್ತು. ನಿಮ್ಮ ಅಜ್ಜ ಕಂಬಕ್ಕೆ ಒರಗಿ ಕುಳಿತರು. ಅತ್ತೆ ಒಳಗೆ ಹೋಗಿ, ಬಿತ್ತನೆಗೆಂದು ಒಣಗಿಸಿ ತೂಗುಹಾಕಿದ್ದ ಸೋರೆಬುರುಡೆಯನ್ನು ಇಳಿಸಿದರು. ಯಾರಿಗೂ ಮುಟ್ಟಗೊಡದ ಬುರುಡೆ ಅದು. ಬೀಜವನ್ನೆಲ್ಲ ಉಡಿಗೆ ಸುರಿದುಕೊಂಡು ಖಾಲಿ ಬುರುಡೆಯನ್ನು ಮಗನ ಮುಂದಿಟ್ಟರು.

"ಇದು ಹಾಲಿಗೆ ನೆನಿಯೂದಿಲ್ಲ. ಕೊರಿ."

ನಿಮ್ಮ ಅಜ್ಜ ಗರಗಸದ ಅಲಗಿನಿಂದ ದವಡೆ ಕೊಯ್ದರು, ಕಣ್ಣಿನ ಹಿಂದೆ ಕಿಟಕಿ ಕೊರೆದರು. ಪಟ್ಟಿ ಬಿಗಿದು ಗಂಟು ಹಾಕಿದವಳು ನಾನು. ಇಳಕಲ್ಲಿನ ತವರಿನಲ್ಲಿ ಮಗ್ಗದ ಎಳೆ ಗಂಟು ಹಾಕಿ ಪಳಗಿದ ಕೈ ಅಲ್ಲವೇ? ಹಬ್ಬದ ಉಂಡಿಗಳನ್ನು ಅಂದು ಕೆಲಸದ ನಡುವೆಯೇ ತಿಂದೆವು.

ಮರುದಿನ ಸಾಲೆಯಲ್ಲಿ ಸಾಹೇಬರು ಪಾಠ ಕೇಳುತ್ತ ಕೇಳುತ್ತ, ತಡೆಯಲಾರದೆ ಉಡದ ಬಾಯಿಗೆ ಬೆರಳಿಟ್ಟರಂತೆ. ಟಕ್!

"ಅಯ್ಯಯ್ಯ ಮಾಸ್ತರ, ಇದಕ್ಕ ಏನ್ ತಿನ್ನಿಸೀರಿ?"

"ಹಾಲ್ರೀ ಸಾಹೇಬ್ರ."

ಹುಡುಗರೆಲ್ಲ ನಕ್ಕರು, ಸಾಹೇಬರೂ ನಕ್ಕರು. ದಸರೆಗೆ ಮುಂಚೆ ಖಾಯಂ ಆದ ಆರ್ಡರು ಬಂತು.

"ನನ್ನ ಹಾಲಿನ ಗುಣ," ಎಂದು ಅತ್ತೆ ಓಣಿಯ ತುಂಬ ಹೇಳಿಕೊಂಡು ಬಂದರು. ಅಂದಿನಿಂದ ಪಂಚಮಿಗೆ ಎಲ್ಲರ ಪಾಲು ಮುಗಿದ ಮೇಲೆ ಇನ್ನೊಂದು ಹನಿ ಎರೆಯುತ್ತಿದ್ದರು. ಅವರ ನಂತರ, ಈಗ ನಿಮ್ಮ ಅಜ್ಜನೂ ಇಲ್ಲದ ಮೇಲೆ, ಅದನ್ನು ಎರೆಯುವವಳು ನಾನೇ. ಹೋದ ಹಬ್ಬದಲ್ಲಿ ನಾನು "ಉಡಪ್ಪನ ಪಾಲು" ಅಂದಾಗ ಬಿದ್ದು ಬಿದ್ದು ನಕ್ಕಿರಲ್ಲ, ಅದು ಇದೇ.